ನೆಲದಿಂದ ಒಂದು ಗೇಣು

ಆ ಊರಿನಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದವರ ಕಾಲು ನೆಲ ಬಿಡುತ್ತಿತ್ತು.

ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಕಾಲು ನೆಲ ಬಿಡುತ್ತಿತ್ತು.

ನಿಯಮ ಸರಳವಾಗಿತ್ತು. ಪ್ರಶ್ನೆ ಸಣ್ಣದಾದರೆ ಒಂದು ಬೆರಳು ಮೇಲೆ. ಮಧ್ಯಮವಾದರೆ ಒಂದು ಗೇಣು. ದೊಡ್ಡದಾದರೆ ಒಂದು ಆಳು, ಕೆಲವೊಮ್ಮೆ ಎರಡಾಳು. ಸರಿಯಾದ ಉತ್ತರ ಸಿಕ್ಕಿದರೆ ಇಳಿಯುವುದು, ಅರ್ಧ ಸರಿಯಾದದ್ದು ಸಿಕ್ಕಿದರೆ ಅರ್ಧ ಇಳಿಯುವುದು, ಸಿಗದಿದ್ದರೆ ಅಲ್ಲೇ ಇರುವುದು. ಉತ್ತರ ಗೊತ್ತಿದ್ದೂ ಕೇಳಿದರೆ ಏನೂ ಆಗುತ್ತಿರಲಿಲ್ಲ. ಆದ್ದರಿಂದ ಆ ಊರಿನ ಜನ ಗೊತ್ತಿರುವುದನ್ನೇ ಕೇಳುತ್ತಿದ್ದರು. ಬಂದು ನಿಂತವರನ್ನು "ಬಂದಿರಾ?" ಎನ್ನುತ್ತಿದ್ದರು. ಎಲೆಯ ಮುಂದೆ ಕೂತವರನ್ನು "ಊಟವಾ?" ಎನ್ನುತ್ತಿದ್ದರು. ತುಂಬಾ ಮಾತುಗಾರರ ಊರದು.

ಆದರೂ ಬಾಯಿ ಜಾರುವುದುಂಟಲ್ಲ, ಅದಕ್ಕೇ ಮರಳು. ಹೆಂಗಸರು ಸೀರೆಯ ಅಂಚಿಗೆ ಮರಳು ಹೊಲಿದುಕೊಳ್ಳುತ್ತಿದ್ದರು. ಗಂಡಸರು ಪಂಚೆಯ ಅಂಚಿಗೆ. ಮಕ್ಕಳ ಎರಡೂ ಕಾಲಿಗೆ ಒಂದೊಂದು ಮರಳಿನ ಚೀಲ. ಮನುಷ್ಯ ಎಷ್ಟು ದೊಡ್ಡವನೋ ಅಷ್ಟು ಮರಳು. ಹೈಸ್ಕೂಲಿನ ಹೆಡ್‌ಮಾಸ್ತರರ ಕೋಟಿಗೆ ಹದಿನಾರು ಜೇಬುಗಳು, ಹದಿನಾರರಲ್ಲೂ ಮರಳು. ಅವರು ಬಾಗಿಲಿನಿಂದ ಮೇಜಿನವರೆಗೆ ನಡೆದು ಬರುವಷ್ಟರಲ್ಲಿ ಹದಿನೇಳರ ಮಗ್ಗಿ ಹೇಳಿ ಮುಗಿಸಬಹುದಿತ್ತು. ಊರು ಅದನ್ನು ಗಾಂಭೀರ್ಯ ಎನ್ನುತ್ತಿತ್ತು.

ಹೊಲಿಗೆ ಎಷ್ಟೇ ಬಿಗಿಯಾಗಿದ್ದರೂ ಮರಳು ಸೋರುತ್ತದೆ. ಸೋರಿದ್ದನ್ನು ತುಂಬುವುದಕ್ಕೆ ಮರಳುಬೀದಿ ಇತ್ತು. ಆ ಬೀದಿಯ ಹೆಂಗಸರು ಹೊಳೆಗೆ ಹೋಗುವರು. ಬುಟ್ಟಿ ತುಂಬುವರು. ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಸಿಂಬೆಯ ಮೇಲೆ ಬುಟ್ಟಿ ಇಟ್ಟು ಊರಿಗೆ ಬರುವರು. ಮನೆಮನೆಗೆ ಸುರಿಯುವರು. ಮತ್ತೆ ಹೊಳೆಗೆ ಹೋಗುವರು. ಅವರ ಸೀರೆಯ ಅಂಚಿನಲ್ಲಿ ಮರಳಿರಲಿಲ್ಲ. ತಲೆಯ ಮೇಲಿದ್ದದ್ದೇ ಸಾಕಾಗಿತ್ತು.

ಮರಳುಬೀದಿಯ ಹುಡುಗಿಗೆ ಬರುವ ಸೋಮವಾರ ಹದಿನೈದು ತುಂಬುವುದಿತ್ತು. ಹದಿನೈದು ತುಂಬಿದ ದಿನ ಆ ಬೀದಿಯ ಮಗಳು ಪುಸ್ತಕದ ಚೀಲ ಇಳಿಸಿ ಬುಟ್ಟಿ ಎತ್ತಬೇಕು. ಬರೆದಿಟ್ಟ ಕಾನೂನೇನಲ್ಲ. ಬರೆದಿಟ್ಟಿದ್ದರೆ ಯಾರಾದರೂ ಓದಿ ಏನಾದರೂ ಅಂದುಬಿಡುತ್ತಿದ್ದರೋ ಏನೋ.

ಶುಕ್ರವಾರ ಬೆಳಿಗ್ಗೆ ಅಮ್ಮ ತನ್ನ ಹಳೆಯ ಹಸಿರು ಸೀರೆ ಹರಿದು, ಹೊಸೆದು, ಸುತ್ತಿ ಒಂದು ಸಿಂಬೆ ಮಾಡಿದಳು. ಮಗಳ ಚೀಲದಲ್ಲಿ ಪುಸ್ತಕಗಳ ನಡುವೆ ತುರುಕಿದಳು.

"ಬಿಡುವಾದಾಗ ತಲೆ ಮೇಲಿಟ್ಟು ನಡೆದು ರೂಢಿ ಮಾಡ್ಕೋ. ಮೊದಲ ವಾರ ಕತ್ತು ನೋಯುತ್ತೆ. ಆಮೇಲೆ ಕತ್ತು ಅಂತ ಒಂದಿದೆ ಅನ್ನೋದೇ ಮರೆತುಹೋಗುತ್ತೆ."

ಹುಡುಗಿಗೆ ಒಲ್ಲೆ ಎನ್ನಬೇಕೆನಿಸಿತು. ಒಲ್ಲೆ ಎನ್ನುವುದಕ್ಕೆ ಊರಿನ ನಿಯಮ ಅಡ್ಡಿಯಾಗಿರಲಿಲ್ಲ. ಅಮ್ಮನ ಕತ್ತು ಅಡ್ಡಿಯಾಗಿತ್ತು. ಅದು ಬಲಕ್ಕೆ ವಾಲಿ ಎಷ್ಟೋ ವರ್ಷವಾಗಿತ್ತು. ಇನ್ನೊಂದು ಮಳೆಗಾಲ ಬುಟ್ಟಿ ಹೊತ್ತರೆ ಅದು ನೆಟ್ಟಗಾಗುವ ಮಾತೇ ಇರಲಿಲ್ಲ.

ಚೀಲ ಹೆಗಲಿಗೇರಿಸಿ ಅವಳು ಶಾಲೆಗೆ ಹೋದಳು.

ಶಾಲೆಯಲ್ಲಿ ಒಬ್ಬ ಅಳೆಯುವವನಿದ್ದ. ಪ್ರತಿ ಪೀರಿಯಡ್ ಶುರುವಾಗುವಾಗ ಅವನು ಒಂದು ರಟ್ಟಿನ ಹಾಳೆ ಹಿಡಿದು ಬರುತ್ತಿದ್ದ. ಮಂಡಿಯೂರಿ ಪ್ರತಿಯೊಬ್ಬರ ಅಂಗಾಲಿನ ಕೆಳಗೆ ಅದನ್ನು ತೂರಿಸಿ ನೋಡುತ್ತಿದ್ದ. ಹಾಳೆ ತೂರದಿದ್ದರೆ ತಲೆಯಾಡಿಸುತ್ತಿದ್ದ. ತೂರಿದರೆ ಇನ್ನೊಂದು ಚೀಲ ಕಟ್ಟುತ್ತಿದ್ದ. ಗಣಿತಕ್ಕೆ ಅಳೆಯುತ್ತಿದ್ದ, ವಿಜ್ಞಾನಕ್ಕೆ ಅಳೆಯುತ್ತಿದ್ದ, ಚರಿತ್ರೆಗೆ ಎರಡು ಸಲ ಅಳೆಯುತ್ತಿದ್ದ.

ಇಂಗ್ಲಿಷಿಗೆ ಮಾತ್ರ ಅಳೆಯುತ್ತಿರಲಿಲ್ಲ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇದುವರೆಗೆ ಯಾರೂ ಒಂದು ಕೂದಲೆಳೆಯಷ್ಟೂ ಏರಿದ್ದಿಲ್ಲ. ಪಾಠ ಇಂಗ್ಲಿಷಿನಲ್ಲಿ, ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಗೈಡಿನಲ್ಲಿ. ಪಾಠ ಏನೆಂದು ಪಾಠ ಮಾಡುವವರೂ ತಲೆಗೆ ಹಾಕಿಕೊಂಡಿರಲಿಲ್ಲ. ಆದ್ದರಿಂದ ಆ ಶಾಲೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು: ಇಂಗ್ಲಿಷ್ ಪೀರಿಯಡ್ಡಿಗೆ ಮಕ್ಕಳು ಕಾಲಿನ ಚೀಲ ಬಿಚ್ಚಿ ಬಾಗಿಲ ಹತ್ತಿರ ರಾಶಿ ಹಾಕುವುದು. ಮರಳಿಗೂ ಗಾಳಿಯಾಡಬೇಕು, ಕಾಲಿಗೂ ಗಾಳಿಯಾಡಬೇಕು. ಅಳೆಯುವವನು ಆ ನಲವತ್ತು ನಿಮಿಷ ಚಹಾ ಕುಡಿಯುತ್ತಿದ್ದ.

ಹೊಸ ಇಂಗ್ಲಿಷ್ ಮೇಡಂ ಆ ವಾರವಷ್ಟೇ ಬಸ್ಸಿಳಿದಿದ್ದರು. ಅವರ ಊರಿನಲ್ಲಿ ಈ ನಿಯಮ ಇರಲಿಲ್ಲ. ಇಲ್ಲಿ ಪ್ರಶ್ನೆ ಕೇಳಿದರೆ ಕಾಲು ನೆಲದ ಮೇಲೆ ನಿಲ್ಲೋದಿಲ್ಲ ಎಂದು ಹೆಡ್‌ಮಾಸ್ತರರು ಮೊದಲ ದಿನವೇ ಎಚ್ಚರಿಸಿದ್ದರು. ಹೊಸ ಜಾಗ, ಮಾತಿನ ಧಾಟಿ ಹೀಗಿರಬಹುದು ಎಂದುಕೊಂಡು ಅವರು ತಲೆಯಾಡಿಸಿದ್ದರು.

ಶುಕ್ರವಾರದ ಪಾಠ ಒಂದು ಸಣ್ಣ ಕಥೆ. ಮೇಡಂ ಅದನ್ನು ಇಂಗ್ಲಿಷಿನಲ್ಲಿ ಓದಿದರು. ಮಕ್ಕಳು ಕಿಟಕಿಯಾಚೆ ನೋಡಿದರು. ಮೇಡಂ ಪುಸ್ತಕ ಮುಚ್ಚಿದರು. ಮೇಜಿನ ಅಂಚಿಗೆ ಒರಗಿ ಅದೇ ಕಥೆಯನ್ನು, ಮನೆಯಲ್ಲಿ ಹೇಳುವ ಹಾಗೆ, ಕನ್ನಡದಲ್ಲಿ ಹೇಳಿದರು.

ಒಂದು ದೊಡ್ಡ ದೋಣಿ. ದೋಣಿಯ ತಳದಲ್ಲಿ ಒಂದು ತೂತು. ತೂತಿನ ಪಕ್ಕ ಒಬ್ಬ ಹೆಂಗಸು ಕೂತಿದ್ದಾಳೆ. ಒಳಗೆ ಬಂದ ನೀರನ್ನು ಚಿಪ್ಪಿನಲ್ಲಿ ಮೊಗೆದು ಹೊರಗೆ ಚೆಲ್ಲುತ್ತಾಳೆ. ನೀರು ಬರುತ್ತದೆ, ಮೊಗೆಯುತ್ತಾಳೆ, ಚೆಲ್ಲುತ್ತಾಳೆ. ಮೇಲುಗಡೆ ಜನ ಹಾಡುತ್ತಾರೆ, ಪಗಡೆಯಾಡುತ್ತಾರೆ, ದಡ ಬಂದಾಗ ಇಳಿದುಹೋಗುತ್ತಾರೆ. ಬೇರೆ ಜನ ಹತ್ತುತ್ತಾರೆ. ದೋಣಿ ಹೊರಡುತ್ತದೆ. ನೀರು ಬರುತ್ತದೆ. ಹೆಂಗಸು ಮೊಗೆಯುತ್ತಾಳೆ.

"ಇಷ್ಟೇ ಕಥೆ," ಎಂದರು ಮೇಡಂ.

ಮೊದಲ ಬೆಂಚಿನವನು ಎದ್ದು ನಿಂತ. ಇಡೀ ಗೈಡು ಅವನಿಗೆ ಬಾಯಿಪಾಠ. ಕಣ್ಣು ಮುಚ್ಚಿ ಒಪ್ಪಿಸಿದ. "ಒಂದನೇ ಪ್ರಶ್ನೆ, ಹೆಂಗಸಿನ ಗುಣ ಯಾವುದು? ತಾಳ್ಮೆ. ಎರಡನೇ ಪ್ರಶ್ನೆ, ಕಥೆಯ ನೀತಿ ಏನು? ಕರ್ತವ್ಯವೇ ಮುಖ್ಯ. ಮೂರನೇ ಪ್ರಶ್ನೆ..."

"ಕೂತ್ಕೋ ಮಾರಾಯ," ಎಂದರು ಮೇಡಂ ನಗುತ್ತಾ. "ಅದೆಲ್ಲ ಗೈಡಿಗೆ ಅನ್ನಿಸಿದ್ದು. ನಿಮಗೆ ಏನನ್ನಿಸ್ತು?"

ಆ ಶಾಲೆಯಲ್ಲಿ ಯಾವ ಮೇಷ್ಟರೂ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿರಲಿಲ್ಲ. ಮೇಡಂಗೆ ಉತ್ತರ ಗೊತ್ತಿರಲಿಲ್ಲ.

ಅವರ ಚಪ್ಪಲಿ ನೆಲದಲ್ಲೇ ಉಳಿಯಿತು. ಅವರು ಉಳಿಯಲಿಲ್ಲ. ಒಂದು ಗೇಣು ಮೇಲೆ ನಿಂತು, ಕೆಳಗೆ ತಮ್ಮ ಚಪ್ಪಲಿ ನೋಡಿ, "ಅಯ್ಯೋ, ನಿಜಾನಾ!" ಎಂದರು.

ಎಲ್ಲರೂ ಬಗ್ಗಿ ಆ ಚಪ್ಪಲಿ ನೋಡಿದರು. ಆಮೇಲೆ ಎಲ್ಲಿಂದಲೋ ಕಿಸಕ್ ಎಂದು ಒಂದು ನಗು ಬಂತು.

ಮರಳುಬೀದಿಯ ಹುಡುಗಿ ಮಾತ್ರ ನಗಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಅವಳು ಆ ದೋಣಿಯನ್ನೇ ನೋಡುತ್ತಿದ್ದಳು. ಅವಳ ಕೈ ಚೀಲದೊಳಗಿತ್ತು. ಬೆರಳಿಗೆ ಸಿಂಬೆ ತಾಗುತ್ತಿತ್ತು. ಬಾಯಿ ತಾನಾಗಿಯೇ ತೆರೆಯಿತು.

"ಮೇಡಂ, ಆ ತೂತನ್ನ ಯಾಕೆ ಯಾರೂ ಮುಚ್ಚಲಿಲ್ಲ?"

ಅವಳು ಏರಿದಳು. ಬೆಂಚು ಬಿಟ್ಟು, ಡೆಸ್ಕು ಬಿಟ್ಟು, ಕಿಟಕಿಯ ಸರಳು ದಾಟಿ ಏರಿದಳು. ಚೀಲ ಹೆಗಲಿನಿಂದ ತೂಗುತ್ತಿತ್ತು. ಕೆಳಗೆ ನಲವತ್ತು ಮುಖಗಳು ಸೂರ್ಯಕಾಂತಿಯ ಹಾಗೆ ಮೇಲೆ ತಿರುಗಿದ್ದವು.

"ಯಾರಾದ್ರೂ ಉತ್ತರ ಹೇಳ್ರೋ! ಅವಳನ್ನ ಇಳಿಸ್ರೋ!" ಎಂದು ಮಕ್ಕಳು ಕೂಗಿದರು.

ಮೊದಲ ಬೆಂಚಿನವನು ಗೈಡು ತಿರುವಿದ. ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತಾನೇ ಯೋಚಿಸಿದ. "ತೂತು ಮುಚ್ಚಿದ್ರೆ ಆ ಹೆಂಗಸಿಗೆ ಕೆಲಸ ಇರೋದಿಲ್ಲ. ಅದಕ್ಕೆ."

ಹುಡುಗಿ ನಾಲ್ಕು ಬೆರಳು ಇಳಿದಳು.

"ಸರಿ. ಹಾಗಾದ್ರೆ ಮೇಲಿದ್ದೋರಿಗೆ ಏನು ಕೆಲಸ ಇತ್ತು?" ಎಂದಳು. ಎಂಟು ಬೆರಳು ಏರಿದಳು.

"ಅವರಿಗೆ ತೂತು ಕಾಣ್ತಿರಲಿಲ್ಲ ಕಣೆ!" ಎಂದಳು ಎರಡು ಜಡೆಯವಳು. ಹುಡುಗಿ ಒಂದು ಗೇಣು ಇಳಿದಳು. ಆದರೆ ಎರಡು ಜಡೆಯವಳ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ಕಾಣ್ತಿರಲಿಲ್ವಾ, ನೋಡ್ತಿರಲಿಲ್ವಾ?" ಎಂದು ತನ್ನನ್ನೇ ಕೇಳಿಕೊಂಡಳು. ಜಡೆಗಳು ಮೊದಲು ಎದ್ದವು, ಹಿಂದೆಯೇ ಅವಳು.

"ಒಂದೇ ಒಂದು ಸಲ ಅವಳನ್ನ ಹಾಡೋಕೆ ಬಿಟ್ಟು, ಇವರು ಮೊಗೆದಿದ್ರೆ ಏನಾಗ್ತಿತ್ತು?" ಎಂದ ಮೊದಲ ಬೆಂಚಿನವನು. ಅವನು ಬೆಂಚು ಗಟ್ಟಿಯಾಗಿ ಹಿಡಿದುಕೊಂಡ. ಬೆಂಚೂ ಅವನ ಜೊತೆ ಹೊರಟಿತು.

"ಲೋ ಗೈಡು! ನಿನ್ನ ಗೈಡಲ್ಲಿ ಇದು ಎಷ್ಟನೇ ಪ್ರಶ್ನೆಯೋ?"

"ಸುಮ್ನಿರ್ರೋ, ತಲೆ ತಿರುಗ್ತಿದೆ!"

"ನಂಗೂ! ಚೆನ್ನಾಗಿದೆ!"

ಆಮೇಲೆ ಯಾರು ಕೇಳಿದರು, ಯಾರು ಹೇಳಿದರು ಎಂಬ ಲೆಕ್ಕ ತಪ್ಪಿತು. ಅವಳಿಗೇಕೆ ಹೆಸರಿಲ್ಲ? ಅವಳು ಎಂದಾದರೂ ದಡ ನೋಡಿದ್ದಳೇ? ಚಿಪ್ಪು ಕೊಟ್ಟವರು ಯಾರು? ಪ್ರತಿ ಉತ್ತರಕ್ಕೆ ಒಬ್ಬರು ಗೇಣು ಇಳಿಯುವರು, ಆ ಉತ್ತರದ ಬೆನ್ನಿಗೆ ಹುಟ್ಟಿದ ಪ್ರಶ್ನೆಗೆ ಮೂವರು ಮೊಳ ಏರುವರು. ಇಳಿಯುವರು, ಏರುವರು. ಡಿಕ್ಕಿ ಹೊಡೆಯುವರು, ನಗುವರು. ತೊಲೆಯ ಮೇಲೆ ಕಳೆದುಹೋಗಿದ್ದ ಒಂದು ಷಟಲ್ ಕಾಕ್ ಸಿಕ್ಕಿತು, ಯಾವ ಕಾಲದ್ದೋ ಒಂದು ಎಡಗಾಲಿನ ಚಪ್ಪಲಿ ಸಿಕ್ಕಿತು. ಮೇಡಂ ಕಪ್ಪುಹಲಗೆಯ ಮೇಲಂಚು ಹಿಡಿದು ತೇಲುತ್ತಾ, "ಒಬ್ಬೊಬ್ಬರೇ ಮಾತಾಡಿ! ಒಬ್ಬೊಬ್ಬರೇ!" ಎಂದು ಕೂಗುತ್ತಿದ್ದರು. ಕೂಗುತ್ತಾ ತಾವೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ನಗು ಕೇಳಿ ಹೆಡ್‌ಮಾಸ್ತರರು ಹೊರಟರು. ಅವರು ಬಂದು ತಲುಪುವಷ್ಟರಲ್ಲಿ ಇಡೀ ತರಗತಿ ಹೆಂಚಿಗೆ ತಲೆ ತಾಗಿಸಿಕೊಂಡಿತ್ತು.

"ಬಂದಿರಾ ಸರ್?" ಎಂದರು ಮಕ್ಕಳು ಮೇಲಿನಿಂದ, ಒಕ್ಕೊರಲಿನಿಂದ. ಅದಕ್ಕೆ ಯಾರೂ ಏರಲಿಲ್ಲ.

ಹೆಡ್‌ಮಾಸ್ತರರು ಇಪ್ಪತ್ತೆರಡು ವರ್ಷದಿಂದ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ.

"ಇದು ಇಂಗ್ಲಿಷ್ ಪೀರಿಯಡ್," ಎಂದರು. "ಏನು ನಡೀತಿದೆ ಅಂತ ನಾನು ಕೇಳೋದಿಲ್ಲ. ಎಲ್ಲರೂ ಇಳೀರಿ ಅಂತ ಹೇಳ್ತಿದ್ದೇನೆ."

ಯಾರೂ ಇಳಿಯಲಿಲ್ಲ. ಅದು ಉತ್ತರವಾಗಿರಲಿಲ್ಲ.

ಅಳೆಯುವವನು ಚಹಾದ ಲೋಟ ಹಿಡಿದೇ ಓಡಿ ಬಂದ. ರಟ್ಟಿನ ಹಾಳೆ ಎತ್ತಿ ಹಿಡಿದು ಮೇಲೆ ನೋಡಿದ. ಹಾಳೆ ಇಳಿಸಿದ.

"ಮರಳುಬೀದಿಗೆ ಹೋಗು," ಎಂದರು ಹೆಡ್‌ಮಾಸ್ತರರು. "ಎಲ್ಲ ಹೆಂಗಸರೂ ಬುಟ್ಟಿ ಸಮೇತ ಬರಲಿ. ತಲೆಗೊಂದು ಬುಟ್ಟಿ ಕಟ್ಟಿ ಇಳಿಸೋಣ."

ಹೆಂಗಸರು ಸಾಲಾಗಿ ಬಂದರು. ಒಂದರ ಹಿಂದೆ ಒಂದು ಬುಟ್ಟಿ ಬಾಗಿಲಲ್ಲಿ ಬಗ್ಗಿ ಒಳಗೆ ಬಂತು. ಸಾಲಿನ ಮೊದಲಿಗೆ ಹುಡುಗಿಯ ಅಮ್ಮ. ಕತ್ತು ವಾಲಿದ್ದರಿಂದ ಅವಳು ಮೇಲೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ತಿರುಗಿಸಿದಳು. ಹೆಂಚಿನ ಹತ್ತಿರ ಮಗಳು ಅಂಗಾತ ತೇಲುತ್ತಿದ್ದಳು. ಕೆನ್ನೆ ಕೆಂಪಾಗಿತ್ತು.

"ಇಳಿಯೇ ಕೆಳಗೆ! ಹೊತ್ತು ಗೊತ್ತು ಇಲ್ವಾ ನಿಂಗೆ!"

"ಆಗ್ತಿಲ್ಲಮ್ಮ. ಒಂದು ಪ್ರಶ್ನೆ ಸಿಕ್ಕಿಹಾಕ್ಕೊಂಡಿದೆ."

"ಆ ಪ್ರಶ್ನೆ ಹೇಳು, ನಾನೇ ಇಳಿಸ್ತೀನಿ."

ಹುಡುಗಿ ದೋಣಿಯ ಕಥೆ ಹೇಳಿದಳು. ತೂತು, ಚಿಪ್ಪು, ಹಾಡು, ದಡ. ಅಮ್ಮ ಬುಟ್ಟಿ ಇಳಿಸದೆಯೇ ಕೇಳಿದಳು. ಹಿಂದೆ ನಿಂತಿದ್ದ ಹೆಂಗಸರೂ ಕೇಳಿದರು. ಕೋಣೆಯಲ್ಲಿ ನಗು ನಿಂತಿತ್ತು.

"ಆ ತೂತನ್ನ ಯಾಕೆ ಯಾರೂ ಮುಚ್ಚಲಿಲ್ಲ ಅಂತ," ಎಂದು ಹುಡುಗಿ ಮುಗಿಸಿದಳು.

ಅಮ್ಮ ತಲೆಯ ಮೇಲಿನ ಬುಟ್ಟಿಯನ್ನು ಒಮ್ಮೆ ಸರಿಪಡಿಸಿಕೊಂಡಳು.

"ಮುಚ್ಚೋದು ಆಮೇಲಿನ ಮಾತು," ಎಂದಳು. "ಮೊದಲು ಅದನ್ನ ಕೊರೆದೋರು ಯಾರು?"

ಅಂಥ ಏರಿಕೆಯನ್ನು ಆ ಊರು ಕಂಡಿರಲಿಲ್ಲ. ಅಮ್ಮ ಬುಟ್ಟಿಯ ಸಮೇತ, ಸಿಂಬೆಯ ಸಮೇತ ಮೇಲಕ್ಕೆ ಚಿಮ್ಮಿದಳು. ಬುಟ್ಟಿ ತೊಲೆಗೆ ಬಡಿದು ಬೋರಲಾಯಿತು. ಮರಳೆಲ್ಲ ಹೆಡ್‌ಮಾಸ್ತರರ ನೆತ್ತಿಯ ಮೇಲೆ ಸುರಿಯಿತು. ಹಿಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದಲ್ಲ, ಯಾರು?" ಎಂದರು. ಒಬ್ಬೊಬ್ಬರೇ ಸೆರಗು ಸಿಕ್ಕಿಸಿಕೊಂಡು ಏರಿದರು. ಕೋಣೆಯಲ್ಲಿ ಮರಳಿನ ಮಳೆಯಾಯಿತು.

ಹುಡುಗಿ ಮಾಡಿನ ನಡುವಿನ ಎತ್ತರದತ್ತ ನೋಡಿದಳು. ಅಲ್ಲಿ ಅಮ್ಮನ ಅಂಗಾಲುಗಳಿದ್ದವು. ಅವಳು ಅವನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವು ಯಾವಾಗಲೂ ನೆಲಕ್ಕೆ ಒತ್ತಿಕೊಂಡೇ ಇದ್ದವು. ಬಿರುಕುಗಳ ತುಂಬ ಹೊಳೆಯ ಮರಳು ಕೂತಿತ್ತು. ಈಗ ಒಂದೊಂದೇ ಕಾಳು ಉದುರುತ್ತಿತ್ತು.

ಕೆಳಗೆ ಇಬ್ಬರೇ ಉಳಿದರು. ಅಳೆಯುವವನು ಬಾಗಿಲ ಚಿಲಕ ಹಿಡಿದುಕೊಂಡಿದ್ದ. ಹೆಡ್‌ಮಾಸ್ತರರು ಹುಬ್ಬಿನ ಮರಳು ಒರೆಸಿಕೊಂಡು ಸುತ್ತ ನೋಡಿದರು. ಖಾಲಿ ಬುಟ್ಟಿಗಳು ಉರುಳಾಡುತ್ತಿದ್ದವು. ಆಗ ಅವರು ಗಾಬರಿಯಲ್ಲಿ, ತಮಗರಿವಿಲ್ಲದೆ, ಇಪ್ಪತ್ತೆರಡು ವರ್ಷದ ಶಿಸ್ತು ಮರೆತು ಅಂದುಬಿಟ್ಟರು:

"ಇನ್ನು ಮರಳು ಹೊರೋರು ಯಾರು?"

ಹದಿನಾರು ಜೇಬಿನ ಕೋಟು ಒಂದು ಕ್ಷಣ ಎಳೆದು ಹಿಡಿಯಿತು. ಗುಂಡಿ ಕಿತ್ತುಬಂತು. ಇನ್ನೊಂದು ಗುಂಡಿ ಕಿತ್ತುಬಂತು. ಕೋಟು ನೆಲದಲ್ಲಿ ಉಳಿಯಿತು, ಹೆಡ್‌ಮಾಸ್ತರರು ಅಂಗಿಯಲ್ಲಿ ಏರಿದರು, ಅದೂ ತಲೆಕೆಳಗಾಗಿ.

"ಅಮ್ಮಾ!" ಎಂದು ಕೂಗಿದರು. ಅವರಿಗೂ ಒಬ್ಬ ಅಮ್ಮ ಇದ್ದದ್ದು ಮಕ್ಕಳಿಗೆ ಅವತ್ತೇ ಗೊತ್ತಾದದ್ದು.

"ಉತ್ತರ! ಯಾರಾದರೂ ಉತ್ತರ ಹೇಳಿ!"

ಅಳೆಯುವವನು ಚಿಲಕ ಬಿಡದೆ ಕೈ ಎತ್ತಿ ಹುಡುಗಿಯತ್ತ ತೋರಿಸಿದ. "ಇವಳೇ ಸರ್! ಸೋಮವಾರಕ್ಕೆ ಹದಿನೈದು. ಸೋಮವಾರದಿಂದ ಇವಳೇ ಹೊರ್ತಾಳೆ!"

ಅದು ಆವರೆಗಿನ ಸರಿಯಾದ ಉತ್ತರ. ಹೆಡ್‌ಮಾಸ್ತರರು ಇಳಿಯತೊಡಗಿದರು. ಮೊಳ ಇಳಿದರು, ಮಾರು ಇಳಿದರು. ತಲೆ ಮೇಲಾಯಿತು, ಕಾಲು ಕೆಳಗಾಯಿತು. ನೆಲಕ್ಕೆ ಒಂದು ಗೇಣು ಉಳಿಯಿತು. ಅವರ ಮುಖದಲ್ಲಿ ಗಾಂಭೀರ್ಯ ಮರಳಿ ಬರತೊಡಗಿತು.

ಹುಡುಗಿಗೆ ತನ್ನ ಮೈ ಭಾರವಾದದ್ದು ಗೊತ್ತಾಯಿತು. ಅವಳೂ ಇಳಿಯುತ್ತಿದ್ದಳು. ಚೀಲದಲ್ಲಿದ್ದ ಸಿಂಬೆ ಕಲ್ಲಿನ ಹಾಗೆ ಜಗ್ಗುತ್ತಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮೊದಲ ಬೆಂಚಿನವನು ನೋಡುತ್ತಿದ್ದ, ಮೇಡಂ ನೋಡುತ್ತಿದ್ದರು. ಅಮ್ಮ ಮಾತ್ರ ಹೆಂಚು ನೋಡುತ್ತಿದ್ದಳು. ಮಗಳು ಹ್ಞೂಂ ಎಂದರೂ ತಾನು ಏನೂ ಅನ್ನಲಾರೆ, ಊಹೂಂ ಎಂದರೂ ಏನೂ ಅನ್ನಲಾರೆ ಎನ್ನುವಂತೆ.

"ನಾನು ಹೊರೋದಿಲ್ಲ," ಎಂದಳು ಹುಡುಗಿ.

ಸರಿಯಾಗಿದ್ದ ಉತ್ತರ ತಪ್ಪಾಯಿತು. ಹೆಡ್‌ಮಾಸ್ತರರು ಬಾಣದ ಹಾಗೆ ಹಿಂದಕ್ಕೆ ಹೋಗಿ ಹೆಂಚಿಗೆ ಬಡಿದರು.

"ಹಾಗಾದ್ರೆ ಯಾರು? ನಿಮ್ಮಮ್ಮನಾ?"

"ಅವಳೂ ಅಲ್ಲ."

"ಮತ್ತೆ ಯಾರು? ಯಾರು?" ಒಂದೊಂದು ಸಲ ಯಾರು ಎಂದಾಗಲೂ ಒಂದೊಂದು ಹೆಂಚು ಸರಿದು ಆಕಾಶ ಕಾಣಿಸಿತು. ಅವರ ತಲೆ ಮಾಡಿನಿಂದ ಹೊರಗೆ ಹೋಯಿತು. ಹೊರಗಿದ್ದ ಒಂದು ಕಾಗೆ ಅವರನ್ನು ನೋಡಿ ಜಾಗ ಬಿಟ್ಟುಕೊಟ್ಟಿತು.

ಹುಡುಗಿ ಯೋಚಿಸಿದಳು. ಅವಸರ ಮಾಡಲಿಲ್ಲ. ಒಂದೊಂದೇ ತೆಗೆದುಹಾಕುತ್ತಾ ಬಂದಳು. ತಾನಲ್ಲ. ಅಮ್ಮ ಅಲ್ಲ. ಬೀದಿಯಲ್ಲ. ಉಳಿದದ್ದು ಒಂದೇ.

"ನಿಮ್ಮದನ್ನ ನೀವು ಸರ್," ಎಂದಳು. "ಅವರವರದ್ದು ಅವರವರು."

ಹೆಡ್‌ಮಾಸ್ತರರು ಅಲ್ಲ ಎನ್ನುವುದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಇಳಿಯತೊಡಗಿದ್ದರು. ತಲೆ ಮಾಡಿನೊಳಗೆ ಬಂತು. ತೊಲೆ ದಾಟಿತು, ಕಪ್ಪುಹಲಗೆ ದಾಟಿತು. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಿದವು. ಅವರ ಬಾಯಿ ಒಪ್ಪುವ ಮೊದಲೇ ಕಾಲು ಒಪ್ಪಿತ್ತು.

ಅಳೆಯುವವನು ಅಭ್ಯಾಸಬಲದಿಂದ ಮಂಡಿಯೂರಿ ಹಾಳೆ ತೂರಿಸಿ ನೋಡಿದ. ತೂರಲಿಲ್ಲ.

"ಸರಿಯುತ್ತರ ಸರ್," ಎಂದ ಮೆಲ್ಲಗೆ.

ಹುಡುಗಿ ಚೀಲದಿಂದ ಹಸಿರು ಸಿಂಬೆ ತೆಗೆದು ಕೆಳಗೆ ಎಸೆದಳು. ಅದು ಗಿರಗಿರ ತಿರುಗುತ್ತಾ ಹೋಗಿ ಹೆಡ್‌ಮಾಸ್ತರರ ಬೋಳು ತಲೆಯ ಮೇಲೆ ಸರಿಯಾಗಿ ಕೂತಿತು.

"ಇಟ್ಕೊಳ್ಳಿ ಸರ್. ಮೊದಲ ವಾರ ಕತ್ತು ನೋಯುತ್ತೆ."

ಮೊದಲು ನಕ್ಕವಳು ಅಮ್ಮ.

ಸೋಮವಾರ ಬಂತು. ಹೊಳೆಯ ಹತ್ತಿರ ದೊಡ್ಡ ಗದ್ದಲ. ಊರಿನವರು ಬುಟ್ಟಿ ಹಿಡಿದು ಸಾಲು ನಿಂತಿದ್ದರು. ಹೆಡ್‌ಮಾಸ್ತರರು ಹದಿನಾರು ಜೇಬಿಗಾಗುವಷ್ಟು ತುಂಬಿ, ಎತ್ತಿ ನೋಡಿ, ಅರ್ಧ ಚೆಲ್ಲಿದರು. ನಾಲ್ಕು ಹೆಜ್ಜೆ ನಡೆದು ಉಳಿದದ್ದರಲ್ಲೂ ಅರ್ಧ ಚೆಲ್ಲಿದರು. ಶಾಲೆ ತಲುಪುವಾಗ ಒಂದು ಜೇಬಿನಷ್ಟು ಉಳಿದಿತ್ತು. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಕಥೆ. ತಾವೇ ಹೊರುವಾಗ ಎಷ್ಟು ಮರಳು ಬೇಕು ಎನ್ನುವುದು ಎಲ್ಲರಿಗೂ ಬೇಗ ಗೊತ್ತಾಯಿತು. ಸಂತೆಯಲ್ಲಿ ಜನ ಒಂದು ಬೆರಳು, ಎರಡು ಬೆರಳು ಮೇಲೆ ಓಡಾಡುತ್ತಿದ್ದರು. ಹೆಡ್‌ಮಾಸ್ತರರು ಬಾಗಿಲಿನಿಂದ ಮೇಜಿಗೆ ಎರಡರ ಮಗ್ಗಿಯಷ್ಟರಲ್ಲಿ ಬಂದುಬಿಟ್ಟರು. ತಾವೇ ಬೆಚ್ಚಿದರು.

ಹದಿನೈದು ತುಂಬಿದ ಹುಡುಗಿ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಪುಸ್ತಕದ ಚೀಲ ಪಕ್ಕದಲ್ಲಿತ್ತು. ಮೇಡಂ ಮುಂದಿನ ಪಾಠದ ಪುಟ ತೆರೆದರು.

ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಅಮ್ಮ. ಶುಕ್ರವಾರ ಏರಿದ ಮಕ್ಕಳು, ಮೇಡಂ ಎಲ್ಲ ಒಂದೊಂದೇ ಉತ್ತರ ಸಿಕ್ಕಿ ಇಳಿದಿದ್ದರು; ಮರಳುಬೀದಿಯ ಉಳಿದ ಹೆಂಗಸರ ಹಾಗೆ ಅವಳು ಇನ್ನೂ ಪೂರ್ತಿ ಇಳಿದಿರಲಿಲ್ಲ. ತೂತು ಕೊರೆದವರು ಯಾರೆಂದು ಅವಳಿಗೆ ಇನ್ನೂ ಯಾರೂ ಪೂರ್ತಿ ಹೇಳಿರಲಿಲ್ಲ. ತಲೆಯ ಮೇಲೆ ಬುಟ್ಟಿಯಿರಲಿಲ್ಲ. ಕತ್ತು ವಾಲಿದ್ದರೂ ಕಣ್ಣು ನೆಟ್ಟಗಿತ್ತು.

"ಒಂದು ನಿಮಿಷ ಮೇಡಮ್ಮಾ," ಎಂದಳು. "ಆ ಹೆಂಗಸು ಆಮೇಲೆ ಏನಾದಳು?" ಮುಖ ಒಂದು ಗೇಣು ಮೇಲಕ್ಕೆ ಸರಿಯಿತು.

"ಗೊತ್ತಿಲ್ಲಮ್ಮ. ಕಥೆ ಅಲ್ಲಿಗೇ ಮುಗಿಯುತ್ತೆ."

"ಮುಗೀತು ಅಂದೋರು ಯಾರು?"

ಕಿಟಕಿಯಲ್ಲಿ ಮುಖ ಇದ್ದ ಜಾಗಕ್ಕೆ ಕಾಲು ಬಂತು. ಹುಡುಗಿ ಹೊರಗೆ ಓಡಿ, ಕೈ ಚಾಚಿ ಅಮ್ಮನ ಪಾದ ಹಿಡಿದುಕೊಂಡಳು. ಮೆಲ್ಲಗೆ, ಗಾಳಿಪಟ ಎಳೆದುಕೊಳ್ಳುವ ಹಾಗೆ, ಬಾಗಿಲಿನಿಂದ ಒಳಗೆ ತಂದಳು. ಕೊನೆಯ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು.

ಮಗಳ ಕೈ ಹಿಡಿದುಕೊಂಡು ಅಮ್ಮ ಕೂತಳು, ಬೆಂಚಿನಿಂದ ಒಂದು ಗೇಣು ಮೇಲೆ.

ಮೇಡಂ ಹೊಸ ಪಾಠದ ಪುಟ ಮುಚ್ಚಿದರು. ದೋಣಿಯ ಪುಟ ತೆಗೆದರು. ಕಥೆಯ ಕೊನೆಯ ಸಾಲಿನ ಕೆಳಗೆ ಅರ್ಧ ಪುಟ ಖಾಲಿಯಿತ್ತು.

"ಎಲ್ಲರೂ ಪೆನ್ನು ತೆಗೀರಿ," ಎಂದರು. "ದೋಣಿ ಮತ್ತೆ ದಡಕ್ಕೆ ಬಂತು. ಆಮೇಲೆ?"

ಬಾಗಿಲ ಹತ್ತಿರ ಅಳೆಯುವವನು ಚಹಾದ ಲೋಟ ಕೆಳಗಿಟ್ಟು, ರಟ್ಟಿನ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಎರಡೂ ಕೈಯಲ್ಲಿ ಚಿಲಕ ಹಿಡಿದುಕೊಂಡ. ಅವನಿಗೂ ಏನೋ ಒಂದು ಕೇಳಬೇಕೆನಿಸುತ್ತಿತ್ತು.